ಪಲ್ಲೆ ಅಂತ ಬರೆದಿತ್ತು

ತಟ್ಟೆಗೆ ಸೊಪ್ಪಿನ ಪಲ್ಯ ಬಿದ್ದರೆ ನಾನು ಅದನ್ನು ಕೂಡಲೇ ಉಣ್ಣುವುದಿಲ್ಲ. ಬೆರಳ ತುದಿಯಿಂದ ಸ್ವಲ್ಪ ಹರವುತ್ತೇನೆ. ಎಲೆಯ ಅಂಚು ಹೇಗಿದೆ, ದಂಟು ದುಂಡಗಿದೆಯೋ ಚೌಕವೋ, ನರಗಳು ಯಾವ ದಾರಿ ಹಿಡಿದಿವೆ ಎಂದು ನೋಡುತ್ತೇನೆ. ಸಮಾಧಾನವಾದ ಮೇಲೆ ರೊಟ್ಟಿ ಮುರಿಯುತ್ತೇನೆ. ಇದು ಒಳ್ಳೆಯ ಅಭ್ಯಾಸವಲ್ಲ. ಅಡುಗೆ ಮಾಡಿದವರಿಗೆ ಅವಮಾನವಾಗುತ್ತದೆ, ಪಕ್ಕದಲ್ಲಿ ಕುಳಿತವರಿಗೆ ಸಂಶಯ ಬರುತ್ತದೆ.

ನಾನು ಸಸ್ಯಶಾಸ್ತ್ರ ಕಲಿಸುವ ವಿಜಾಪುರದ ಕಾಲೇಜಿನಲ್ಲಿ ಮಧ್ಯಾಹ್ನ ನನ್ನ ಎದುರು ಡಬ್ಬಿ ಬಿಚ್ಚುವವಳು ಶಾಹಿದಾ. ಗಣಿತ ಕಲಿಸುತ್ತಾಳೆ. ಊರಿನ ಹಳೆಯ ಬಟ್ಟೆ ಅಂಗಡಿಯವರ ಮಗಳು. ಅವಳ ಮನೆಯ ಮೆಂತೆ ಪಲ್ಯವನ್ನು ನಾನು ಹೀಗೆ ಹರವುತ್ತಿದ್ದಾಗ ಮೊನ್ನೆ ಅವಳ ತಾಳ್ಮೆ ತಪ್ಪಿತು.

"ಏನ್ ಹುಡುಕ್ತೀ ಬೇ ಅದರಾಗ? ನಮ್ಮಮ್ಮಾ ಉಂಗುರ ಬೀಳಿಸ್ಯಾಳೇನು?"

"ಏನಿಲ್ಲ. ಮೆಂತೆ ಹೌದೋ ಅಲ್ಲೋ ನೋಡಾಕತ್ತೇನಿ."

"ಮೆಂತೆ ಅಂತ ನಾ ಹೇಳಿದ್ನಲ್ಲ!"

"ಹೇಳಿದ್ದು ಕೇಳಿದೆ."

ಹೇಳಿದ್ದನ್ನು ನಂಬದೆ ಕಣ್ಣಾರೆ ನೋಡುವ ಈ ಗುಣ ನನಗೆ ವಿಜ್ಞಾನದಿಂದ ಬಂದದ್ದು ಎಂದು ಅವಳು ತಿಳಿದಿದ್ದಾಳೆ. ನಾನು ತಿದ್ದಲು ಹೋಗಿಲ್ಲ. ಮನೆಯ ಸಂಗತಿಗಳನ್ನು ಎದುರಿಗೆ ಕುಳಿತವರಿಗೆ ಹೇಳುವುದು ನನಗೆ ಕಷ್ಟ. ಒಂದು ಹೇಳಿದರೆ ಅವರು ಇನ್ನೊಂದು ಕೇಳುತ್ತಾರೆ. ನಿಮಗೆ ಹೇಳಬಹುದು. ನೀವು ಓದುವವರು, ನಡುವೆ ಬಾಯಿ ಹಾಕುವ ಅನುಕೂಲ ನಿಮಗಿಲ್ಲ.

ನಾನು ಓದಿದ್ದು ಟಿಕೋಟಾದ ಹೈಸ್ಕೂಲಿನಲ್ಲಿ, ಈ ಎಪ್ಪತ್ತರ ದಶಕ ಇನ್ನೂ ಹೊಸದಾಗಿದ್ದಾಗ. ಅಲ್ಲಿ ಸಸ್ಯಶಾಸ್ತ್ರದ ಇತಿಹಾಸವೆಲ್ಲ ಒಂದು ಗಾಜಿನ ಕಪಾಟಿನಲ್ಲಿತ್ತು. ನಮ್ಮ ಕಡೆ ಮುಂಬಯಿ ಪ್ರಾಂತವಾಗಿದ್ದ ಕಾಲದಲ್ಲಿ ಯಾರೋ ಶ್ರದ್ಧಾವಂತರು ಗಿಡಗಳನ್ನು ಒಣಗಿಸಿ, ದಪ್ಪ ಹಾಳೆಗೆ ದಾರದಿಂದ ಹೊಲಿದು, ಕೆಳಗೆ ಮುತ್ತಿನಂಥ ಅಕ್ಷರಗಳಲ್ಲಿ ಇಂಗ್ಲಿಷಿನಲ್ಲೂ ಮರಾಠಿಯಲ್ಲೂ ಹೆಸರು ಬರೆದಿಟ್ಟಿದ್ದರು. ಆಮೇಲೆ ಹುಳುಗಳು ಬಂದವು. ಅವು ಗಿಡಗಳನ್ನು ತಿಂದು ಹೆಸರುಗಳನ್ನು ಬಿಟ್ಟವು. ನಮ್ಮ ಕಾಲಕ್ಕೆ ಉಳಿದದ್ದು ಹಾಳೆ, ಹೊಲಿಗೆ ಮತ್ತು ಮುತ್ತಿನಂಥ ಅಕ್ಷರ. ಹಿಂದಿನ ಮಾಸ್ತರರು ಆ ಖಾಲಿ ಹಾಳೆಯನ್ನೇ ಎತ್ತಿ ಹಿಡಿದು, "ಇಲ್ಲೆ ಇತ್ತು, ಎಲ್ಲಾರೂ ನೋಡ್ಕೋರಿ" ಎಂದು ಪಾಠ ಮುಗಿಸುತ್ತಿದ್ದರಂತೆ. ಮಕ್ಕಳು ನೋಡಿಕೊಳ್ಳುತ್ತಿದ್ದರಂತೆ. ಎಷ್ಟೋ ಜನ ಪಾಸಾಗಿ ಸರಕಾರಿ ನೌಕರಿಗೂ ಸೇರಿದ್ದಾರೆ.

ನಮ್ಮ ಪಾಲಿಗೆ ಬಂದ ಪಠ್ಯಪುಸ್ತಕ ದಕ್ಷಿಣದಿಂದ ಬಂದದ್ದು. ಅದನ್ನು ಬರೆದವರ ಮನೆಯ ಹಿಂದೆ ಹೊಳೆ ಹರಿಯುತ್ತಿದ್ದಿರಬೇಕು. ಮೊದಲ ಪಾಠವೇ ಪಾಚಿ, ಎರಡನೆಯದು ಜರೀಗಿಡ. "ನಿಮ್ಮ ಮನೆಯ ಸುತ್ತಲಿನ ತೇವದ ಗೋಡೆಗಳ ಮೇಲೆ ಜರೀಗಿಡವನ್ನು ಗಮನಿಸಿರಿ" ಎಂದು ಅದರಲ್ಲಿ ಅಚ್ಚಾಗಿತ್ತು. ನಮ್ಮ ಮನೆಗಳ ಸುತ್ತ ಗೋಡೆಗಳೇನೋ ಇದ್ದವು. ತೇವದ ವಿಷಯದಲ್ಲಿ ಟಿಕೋಟಾ ಆ ಪುಸ್ತಕಕ್ಕೆ ಯಾವ ಸಹಾಯವನ್ನೂ ಮಾಡಲಿಲ್ಲ. ಚಿತ್ರ ನೋಡಿದ ಹಿಂದಿನ ಬೆಂಚಿನ ಬಸ್ಯಾ ಎದ್ದು ನಿಂತು, "ಸರ, ಇದು ಗಿಡಾ ಅಲ್ರಿ, ಹುಂಜದ ಪುಚ್ಚ ಐತಿ" ಎಂದ. ಇಡೀ ತರಗತಿ ಅವನ ಪರವಾಗಿತ್ತು.

ಹಾಗೆ ಅವನು ಹೇಳಿದ್ದು ನಂಜುಂಡಯ್ಯ ಸರ್ ಅವರಿಗೆ. ಅವರು ತುಮಕೂರಿನ ಕಡೆಯವರು, ಆ ವರ್ಷವಷ್ಟೇ ನಮ್ಮಲ್ಲಿಗೆ ವರ್ಗವಾಗಿ ಬಂದಿದ್ದರು. ತೆಳ್ಳಗೆ, ಎತ್ತರಕ್ಕೆ, ಕತ್ತಿನವರೆಗೂ ಗುಂಡಿ ಹಾಕಿದ ಶರ್ಟು. ಮದುವೆಯಾಗಿರಲಿಲ್ಲ, ಬಾಡಿಗೆ ಕೋಣೆಯಲ್ಲಿ ಎರಡು ಹೊತ್ತೂ ಉಪ್ಪಿಟ್ಟು ಮಾಡಿಕೊಳ್ಳುತ್ತಾರೆ ಎಂದು ಊರಿಗೆಲ್ಲ ಗೊತ್ತಿತ್ತು. ಕಪಾಟಿನ ಖಾಲಿ ಹಾಳೆಗಳನ್ನು ನೋಡಿ ಅವರು ನಿಜವಾಗಿಯೂ ನೊಂದುಕೊಂಡರು. ಗಿಡವನ್ನು ಗಿಡವಾಗಿಯೇ ಕಲಿಸುತ್ತೇನೆ ಎಂದು ಹೊರಟರು. ಅವರಿಗೂ ಗಿಡಗಳಿಗೂ ನಡುವೆ ಅಡ್ಡ ಬಂದದ್ದು ಕನ್ನಡ.

ಒಂದು ದಿನ ಅವರು, "ನಾಳೆ ಎಲ್ಲರೂ ಒಂದೊಂದು ಹಿಡಿ ಸೊಪ್ಪು ತನ್ನಿ" ಎಂದರು. ಮರುದಿನ ಎಲ್ಲರೂ ತಂದರು. ನಮ್ಮ ಕಡೆ ಸೊಪ್ಪಿ ಎಂದರೆ ಜೋಳದ ಒಣ ದಂಟು, ದನದ ಮೇವು. ಬಸ್ಯಾ ಒಂದು ಸೂಡನ್ನೇ ತಲೆಯ ಮೇಲೆ ಹೊತ್ತು ತಂದಿದ್ದ. ಹೆಡ್‌ಮಾಸ್ತರರು ವರಾಂಡದಲ್ಲಿ ನಿಂತು, "ಯಾರ ಎತ್ತು ಕಟ್ಟೀರಲೇ ಸಾಲ್ಯಾಗ?" ಎಂದು ಕೂಗಿದರು.

ಸರ್ ಆ ಸೂಡಿನ ಪಕ್ಕದಲ್ಲಿ ನಿಂತು ವಿವರಿಸಿದರು. ಸೊಪ್ಪು ಎಂದರೆ ಹಸಿರಾದದ್ದು, ಮೆಂತೆ, ಹರಿವೆ, ಅಂಥದು.

"ಹಂಗ ಹೇಳ್ರಿ ಮತ್ತ. ಅದು ಪಲ್ಲೆ ರಿ ಸರ," ಎಂದ ಬಸ್ಯಾ.

"ಪಲ್ಯ ಅಂದರೆ ಒಲೆ ಮೇಲಿಂದ ಇಳಿದದ್ದು ಕಣಯ್ಯ. ಹೊಲದಲ್ಲಿ ಇರೋದು ಸೊಪ್ಪು."

"ಹೊಲದಾಗ ಇರೂದೂ ಪಲ್ಲೇನ ರಿ ಸರ. ಒಲಿ ಮ್ಯಾಲಿಂದು ಬೆಂದ ಪಲ್ಲೆ. ಅಷ್ಟ ಫರಕು."

ವಾದ ಗಂಟೆ ಹೊಡೆಯುವವರೆಗೆ ನಡೆಯಿತು. ಕೊನೆಗೆ ಸರ್ ಸೋತರು. ಸೋತದ್ದನ್ನು ಒಂದು ನಿಯಮವಾಗಿ ಮಾಡಿ ಮರ್ಯಾದೆ ಉಳಿಸಿಕೊಂಡರು. ಇನ್ನು ಮುಂದೆ ಒಣಗಿಸಿದ ಗಿಡದ ಜೊತೆ ಊರಿನ ಹೆಸರನ್ನೇ ಬರೆಯಬೇಕು, ಜನ ಹೇಗೆ ಅನ್ನುತ್ತಾರೋ ಹಾಗೆಯೇ, ಒಂದು ಅಕ್ಷರವನ್ನೂ ತಿದ್ದಬಾರದು. ತಿದ್ದದೆ ಬರೆಯುವುದರಲ್ಲಿ ನನ್ನನ್ನು ಮೀರಿಸುವವರು ಆ ತರಗತಿಯಲ್ಲಿ ಇರಲಿಲ್ಲ.

ಮಳೆ ನಿಂತ ಮೇಲೆ ಸರ್ ನಮ್ಮನ್ನು ಬಸ್ಸಿನಲ್ಲಿ ಭೂತನಾಳದ ಕೆರೆಗೆ ಕರೆದುಕೊಂಡು ಹೋದರು. ಸಸ್ಯಸಂಗ್ರಹ ಪ್ರವಾಸ ಎಂದು ಅದರ ಹೆಸರು. ಗಂಡುಮಕ್ಕಳು ಕೆರೆಯನ್ನು ಕಂಡೊಡನೆ ಸಸ್ಯಗಳನ್ನು ಮರೆತರು. ಹೆಣ್ಣುಮಕ್ಕಳು ಬುತ್ತಿ ಬಿಚ್ಚಿದರು. ಕೊನೆಗೆ ಸರ್ ಹಿಂದೆ ಉಳಿದವಳು ನಾನೊಬ್ಬಳೇ, ಕೈಯಲ್ಲಿ ಹಳೆಯ ಪತ್ರಿಕೆಗಳ ಕಟ್ಟು ಹಿಡಿದುಕೊಂಡು. ಮಾತಾಡುವ ಅಗತ್ಯವಿಲ್ಲದ ಕೆಲಸ ಅದೊಂದೇ ಎಂದು ನನಗೆ ಅಂದೇ ಹೊಳೆಯಿತು. ಗಿಡ ಕೀಳಬೇಕು, ಬೇರಿನ ಮಣ್ಣು ಝಾಡಿಸಬೇಕು, ಎಲೆ ಮಡಚದಂತೆ ಪತ್ರಿಕೆಯಲ್ಲಿ ಮಲಗಿಸಬೇಕು. ಯಾರೂ ಏನೂ ಕೇಳುವುದಿಲ್ಲ. ಗಿಡವಂತೂ ಕೇಳುವುದೇ ಇಲ್ಲ.

ಕೆರೆಯ ಏರಿಯ ಮೇಲೆ ದತ್ತೂರಿ ಬೆಳೆದಿತ್ತು, ಕಹಳೆಯಂಥ ಬಿಳಿ ಹೂವು. "ಇದು ವಿಷ ಕಣಮ್ಮ. ಮುಟ್ಟಿದ ಕೈ ಬಾಯಿಗೆ ಹೋಗಬಾರದು," ಎಂದು ಸರ್ ಎಚ್ಚರಿಸಿದರು. ಅಷ್ಟು ಹೇಳಿದ ಮೇಲೆ ಅದನ್ನು ಬಿಟ್ಟು ಬರುವುದು ಯಾರಿಂದ ಸಾಧ್ಯ? ಹೂವು ಕಾಯಿ ಎರಡೂ ಇದ್ದ ಟೊಂಗೆಯನ್ನೇ ತಂದೆ.

ಆ ಸಂಗ್ರಹದ ಮೇಲೆ ನನ್ನದೊಂದು ದೊಡ್ಡ ಲೆಕ್ಕಾಚಾರ ನಿಂತಿತ್ತು. ಮೆಟ್ರಿಕ್ ಆದ ಮೇಲೆ ವಿಜ್ಞಾನ ಓದಲು ವಿಜಾಪುರಕ್ಕೇ ಹೋಗಬೇಕು. ಪ್ರಯೋಗಶಾಲೆ ಮುಗಿಯುವಷ್ಟರಲ್ಲಿ ಟಿಕೋಟಾದ ಬಸ್ಸು ಹೋಗಿರುತ್ತದೆ. ಆದ್ದರಿಂದ ಹಾಸ್ಟೆಲ್ಲಿನಲ್ಲೇ ಇರಬೇಕು. ಅಪ್ಪ ಅಂಚೆ ಕಚೇರಿಯಲ್ಲಿದ್ದರು. ಮುದ್ರೆ ಒತ್ತುವ ಕೆಲಸದವರಿಗೆ ಸಹಜವಾದಂತೆ, ಒಮ್ಮೆ ಒತ್ತಿದ ಮೇಲೆ ಅವರ ಮಾತು ಅಳಿಸುತ್ತಿರಲಿಲ್ಲ. "ಮೆಟ್ರಿಕ್ ಮುಗಿಸಲಿ, ಸಾಕು" ಎಂದು ಒತ್ತಿಬಿಟ್ಟಿದ್ದರು. ನಾನು ಎದುರು ಮಾತಾಡುವವಳಲ್ಲ. ಮಾತಾಡಿದವರು ನಂಜುಂಡಯ್ಯ ಸರ್. ಅಂಚೆ ಚೀಟಿ ಕೊಳ್ಳುವ ನೆಪದಲ್ಲಿ ಹೋಗಿ ಹೇಳುತ್ತಲೇ ಇದ್ದರು. ಅಷ್ಟೊಂದು ಚೀಟಿಗಳನ್ನು ಅವರು ಏನು ಮಾಡಿದರೋ ಗೊತ್ತಿಲ್ಲ. ಕೊನೆಗೊಂದು ದಿನ ಅಪ್ಪ ಅಂದರಂತೆ:

"ಎಲ್ಲಾರೂ ತಮ್ಮ ವಿದ್ಯಾರ್ಥಿ ಶ್ಯಾಣ್ಯಾ ಅಂತಾರ್ರಿ. ರವಿವಾರ ಮನಿಗೆ ಊಟಕ್ಕ ಬರ್ರಿ. ಈಕಿ ಏನ್ ಮಾಡ್ಯಾಳ ನನ್ನ ಮುಂದ ಇಟ್ಟು ತೋರಸ್ರಿ. ನೋಡಿ ಹೇಳ್ತೇನಿ."

ತೋರಿಸುವುದೆಂದರೆ ನನ್ನ ಗಿಡಗಳನ್ನು. ಒಣಗಿ ಹದವಾಗಿದ್ದವು, ಹಾಳೆಗೆ ಹೊಲಿಯುವುದು ಮಾತ್ರ ಉಳಿದಿತ್ತು. ಅಪ್ಪನ ಮುಂದೆಯೇ ಹೊಲಿದು ತೋರಿಸಬೇಕೆಂದು ಸರ್ ಯೋಜನೆ ಹಾಕಿದ್ದರು. ಹೆಣ್ಣುಮಗಳು ಸೂಜಿ ಹಿಡಿದಿದ್ದನ್ನು ಕಂಡರೆ ತಂದೆಯ ಮನಸ್ಸು ಕರಗುತ್ತದೆ ಎಂದು ಅವರ ಎಣಿಕೆ. ಎಲ್ಲ ಗಿಡಗಳನ್ನೂ ಒಂದು ಪೊಟ್ಟಣ ಮಾಡಿ ಅಡುಗೆಮನೆಯ ಗೂಡಿನಲ್ಲಿ, ಹೊಗೆಗೆ ಹುಳು ಹಿಡಿಯದ ಹಾಗೆ, ಇಟ್ಟಿದ್ದೆ. ಮೇಲೆ ಇದ್ದದ್ದು ಹಕ್ಕರಕಿ, ನಾವು ರೊಟ್ಟಿಯ ಜೊತೆ ಹಸಿಯಾಗಿ ತಿನ್ನುವ ಹೊಲದ ಸೊಪ್ಪು. ಊರಿನ ಹೆಸರನ್ನು ತಿದ್ದದೆ ಬರೆಯಬೇಕಲ್ಲ. ಪೊಟ್ಟಣದ ಮೇಲೆ ಚೀಟಿ ಅಂಟಿಸಿ ದಪ್ಪ ಅಕ್ಷರಗಳಲ್ಲಿ ಬರೆದಿದ್ದೆ: ಹಕ್ಕರಕಿ ಪಲ್ಲೆ.

ಅವ್ವನಿಗೆ ಆ ಪೊಟ್ಟಣದ ವಿಚಾರ ಗೊತ್ತಿತ್ತು. ಅವಳ ತಂಗಿಯ ಹೆರಿಗೆ ಬಂತು, ಅವ್ವ ಕಾಖಂಡಕಿಗೆ ಹೋದಳು. ಅಡುಗೆಗೆಂದು ಬಬಲೇಶ್ವರದಿಂದ ಅಪ್ಪನ ಅಕ್ಕ ಬಂದಳು, ನೀಲವ್ವತ್ತಿ. ಬಸ್ಸಿಳಿದು ಒಳಗೆ ಬಂದವಳೇ ನಮ್ಮ ಅಡುಗೆಮನೆಯ ಸ್ಥಿತಿಗೆ ಮರುಗಿ ಸೆರಗು ಬಿಗಿದಳು. ಅವಳು ಎರಡನೇ ಇಯತ್ತೆಯವರೆಗೆ ಓದಿದ್ದಳು. ಅದನ್ನು ಮರೆಯಬಾರದೆಂದು ಕಣ್ಣಿಗೆ ಬಿದ್ದ ಅಕ್ಷರವನ್ನೆಲ್ಲ ಗಟ್ಟಿಯಾಗಿ ಓದುತ್ತಿದ್ದಳು: ಬಸ್ಸಿನ ಬೋರ್ಡು, ಬೆಂಕಿಪೆಟ್ಟಿಗೆ, ಚಹಾಪುಡಿಯ ಚೀಲ.

ರವಿವಾರ ಸರ್ ಬಂದರು. ಗುಂಡಿ ಕತ್ತಿನವರೆಗೂ ಇದ್ದವು.

"ಬರ್ರಿ ಮಾಸ್ತರ, ಕೂಡ್ರಿ. ಮೊದಲ ಊಟ, ಆಮ್ಯಾಲೆ ಮಾತು," ಎಂದರು ಅಪ್ಪ.

ಇಬ್ಬರೂ ಎದುರುಬದುರಾಗಿ ಕುಳಿತರು. ಅತ್ತೆ ಬಡಿಸಿದಳು: ಜೋಳದ ರೊಟ್ಟಿ, ಶೇಂಗಾ ಹಿಂಡಿ, ಮೊಸರು, ಮತ್ತು ಬೇಳೆ ಹಾಕಿ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟ ಕಡಲೆ ಪಲ್ಯ. ಚಳಿಗಾಲದಲ್ಲಿ ಕಡಲೆ ಗಿಡದ ಎಳೆ ಕುಡಿಗಳನ್ನು ಚಿವುಟಿ ಒಣಗಿಸಿ ಚೀಲ ತುಂಬಿಟ್ಟು ಬೇಸಿಗೆಯವರೆಗೂ ಬೇಯಿಸಿ ಉಣ್ಣುವುದು ನಮ್ಮಲ್ಲಿ ಮನೆಮನೆಯ ರೂಢಿ. ಸರ್ ಒಂದು ತುತ್ತು ತಿಂದು ಕಣ್ಣು ಮುಚ್ಚಿದರು. ಉಪ್ಪಿಟ್ಟಿನ ಮನುಷ್ಯ, ಕಣ್ಣು ತೆರೆಯಲು ಹೊತ್ತು ಹಿಡಿಯಿತು.

"ಇದೇನು ರುಚಿ ಸ್ವಾಮಿ! ಒಂದೊಂದು ತುತ್ತಿಗೆ ಒಂದೊಂದು ಥರ ಇದೆಯಲ್ಲ!"

"ನಮ್ಮಕ್ಕನ ಕೈ ರುಚಿ ಹಂಗ ರಿ," ಎಂದರು ಅಪ್ಪ.

ನಾನು ಇನ್ನೊಂದು ರೊಟ್ಟಿ ತರಲು ಒಳಗೆ ಹೋದೆ. ಗೂಡು ನೋಡಿದೆ. ಪೊಟ್ಟಣ ಇರಲಿಲ್ಲ. ಅದರ ಪತ್ರಿಕೆಗಳನ್ನು ಒಪ್ಪವಾಗಿ ಮಡಚಿ ರೊಟ್ಟಿ ಬುಟ್ಟಿಯ ಕೆಳಗೆ ಹಾಸಲಾಗಿತ್ತು.

"ಅತ್ತಿ, ಇದರಾಗಿನ ಗಿಡ ಎಲ್ಲೆ?"

"ಗಿಡಾ ಯಾವುದ ಯವ್ವಾ? ಪಲ್ಲೆ ಇತ್ತು. ಚೀಲದಾಗ ಕಡ್ಲಿಪಲ್ಲೆ ಹಿಡಿಯಷ್ಟ ಉಳದಿತ್ತು, ಮಾಸ್ತರು ಬರಾಕತ್ತಾರ, ಹ್ಯಾಂಗ ಸಾಲತದ? ಇದನ್ನೂ ತಿಕ್ಕಿ ಕೂಡಿಸೇನಿ."

"ಅದು ನಮ್ಮ ಸಾಲಿದು ಅತ್ತಿ."

"ಸಾಲಿದಂದ್ರ? ಪಲ್ಲೆ ಅಂತ ಬರದಿತ್ತ ಬೇ! ನಾ ಏನ್ ಓದಲಾರದಕಿ ಅಂತ ತಿಳಿದೀ ಏನು? ಓದೇ ತಗದೇನಿ."

ನನ್ನ ಕಣ್ಣ ಮುಂದೆ ಬಂದದ್ದು ದತ್ತೂರಿ. ಅದು ಆ ಪೊಟ್ಟಣದಲ್ಲಿತ್ತೇ? ಅದರ ಕಾಯಿ ದಪ್ಪ, ಬೇಗ ಒಣಗುವುದಿಲ್ಲ. ಬೇರೆ ಪತ್ರಿಕೆಯಲ್ಲಿ ಸುತ್ತಿ ನಡುಮನೆಯ ಹಾಸಿಗೆಗಳ ಕೆಳಗೆ ಒತ್ತಿಟ್ಟಿದ್ದೆ. ಆಮೇಲೆ ತೆಗೆದು ಇದರಲ್ಲಿ ಸೇರಿಸಿದೆನೋ ಇಲ್ಲವೋ ನೆನಪಾಗಲಿಲ್ಲ. ರೊಟ್ಟಿ ಹಿಡಿದುಕೊಂಡೇ ನಡುಮನೆಗೆ ಹೋದೆ. ಸುತ್ತಿಟ್ಟ ಹಾಸಿಗೆಗಳನ್ನು ಒಂದೊಂದಾಗಿ ಕೆಳಗೆ ಉರುಳಿಸಿದೆ. ಹೊರಗಿನಿಂದ ಸರ್ ಅವರ ದನಿ ಕೇಳುತ್ತಿತ್ತು: "ಇನ್ನೂ ಸ್ವಲ್ಪ ಹಾಕಿಯಮ್ಮಾ, ಸಂಕೋಚ ಇಲ್ಲ ನನಗೆ." ಕೊನೆಯ ಹಾಸಿಗೆಯ ಕೆಳಗೆ ಪತ್ರಿಕೆ ಇತ್ತು. ಬಿಚ್ಚಿದೆ. ಹೂವು, ಕಾಯಿ, ಎಲೆ ಎಲ್ಲವೂ ಇದ್ದವು. ಜೀವಮಾನದಲ್ಲಿ ಇಷ್ಟು ಸಂತೋಷದಿಂದ ನಾನು ಯಾವ ಗಿಡವನ್ನೂ ನೋಡಿಲ್ಲ.

ಹೊರಗೆ ಬಂದಾಗ ಸರ್ ಸರಿಯಾಗಿ ಅದೇ ಮಾತಿಗೆ ಬಂದಿದ್ದರು. "ಹೋಗಮ್ಮ, ನಿನ್ನ ಸಂಗ್ರಹ ತಗೊಂಡು ಬಾ. ಸೂಜಿ ದಾರ ಕೂಡ."

ನಾನು ಸುಳ್ಳು ಹೇಳುವವಳಲ್ಲ. ಸತ್ಯವನ್ನೂ ಕಡಿಮೆ ಮಾತಿನಲ್ಲಿ ಮುಗಿಸುವವಳು.

"ಉಂಡ್ರಿ ಸರ."

"ಏನಂದೆ?"

"ಸಂಗ್ರಹ ರಿ. ನೀವು ಉಂಡ್ರಿ."

ಸರ್ ಅವರ ಕೈ ಬಾಯಿಗೂ ತಟ್ಟೆಗೂ ನಡುವೆ ನಿಂತಿತು. ಮುಖ ಸುಣ್ಣದ ಗೋಡೆಯಾಯಿತು. "ಭೂತನಾಳದಲ್ಲಿ ಕಿತ್ತೆಯಲ್ಲಮ್ಮ, ಆ ದತ್ತೂರಿ..."

ನಾನು ಪತ್ರಿಕೆಯನ್ನು ಅವರ ಮುಂದೆ ಬಿಡಿಸಿಟ್ಟೆ. "ಇಲ್ಲೇ ಅದರಿ. ಪೂರ್ತಿ ಅದ."

ಒಳಗಿಂದ ಅತ್ತೆ ಓಡಿ ಬಂದಳು. "ಯಪ್ಪಾ ಶಿವನ! ಮಾಸ್ತರಿಗೆ ಕಸಾ ಉಣಿಸಿದ್ನ್ಯಾ? ಪಲ್ಲೆ ಅಂತ ಬರದಿತ್ರೀ, ನನ್ನಾಣಿ!"

ಸರ್, "ತಪ್ಪು ನಿಮ್ಮದಲ್ಲಮ್ಮ. ಹಾಗೇ ಬರೆಯೋಕೆ ಹೇಳಿದವನು ನಾನು," ಎಂದರು.

ಅಪ್ಪ ಈ ಗದ್ದಲದಲ್ಲಿ ಪಾಲುಗೊಳ್ಳಲಿಲ್ಲ. ರೊಟ್ಟಿಯ ಚೂರನ್ನು ತಟ್ಟೆಯ ಅಂಚಿಗಿಟ್ಟು, "ಅಂದ್ರ ತೋರಸಾಕ ಏನೂ ಉಳೀಲಿಲ್ಲ. ಹಂಗಾರ ಮಾತೂ ಮುಗೀತು," ಎಂದರು. ಮುದ್ರೆ ಒತ್ತುವ ದನಿ. ನನಗೆ ಜೂನ್ ತಿಂಗಳು ಕಾಣಿಸಿತು: ಬಸ್ಸು ವಿಜಾಪುರಕ್ಕೆ ಹೋಗುತ್ತಿದೆ, ನಾನು ಗೂಡಿನ ಮುಂದೆ ನಿಂತು ಕಡಲೆ ಪಲ್ಯ ತಿಕ್ಕುತ್ತಿದ್ದೇನೆ.

"ಮುಗಿದಿಲ್ಲ," ಎಂದರು ಸರ್. ಅವರು ತಮ್ಮ ತಟ್ಟೆಯನ್ನೇ ನೋಡುತ್ತಿದ್ದರು. "ಇನ್ನೂ ಉಳಿದಿದೆ."

ಅಂಗಿಯ ತೋಳು ಮಡಚಿದರು. ಪಲ್ಯದಿಂದ ಒಂದು ದಂಟಿನ ಚೂರನ್ನು ಎತ್ತಿ, ಬೇಳೆಯನ್ನು ಕೊಡವಿ, ನನ್ನ ಕಡೆ ಹಿಡಿದರು.

"ಇದು?"

ಬಗ್ಗಿ ನೋಡಿದೆ. "ತುಂಬಿ ರಿ ಸರ."

"ಹೇಗೆ ಹೇಳ್ತೀಯ?"

"ದಂಟು ಚೌಕ ಅದರಿ. ಬೆಂದರೂ ಮೂಲಿ ಹೋಗಿಲ್ಲ."

"ಇದು?"

"ಕರಕಿ ಹುಲ್ಲು ರಿ. ನರ ಎಲ್ಲಾ ಜೋಡಿ ಗೆರಿ ಹಾಕಿದಂಗ ಉದ್ದಕ ಹೋಗ್ಯಾವ. ಏಕದಳ."

"ಉತ್ತರಾಣಿ ಎಲ್ಲಿ? ನೀನು ಉತ್ತರಾಣಿ ತಂದಿದ್ದೆ."

ನಾನು ಹೇಳಲೋ ಬೇಡವೋ ಎಂದು ತಡೆದೆ. "ನಿಮ್ಮ ಹಲ್ಲಾಗ ಅದರಿ ಸರ. ಎಡಗಡೆ."

ಸರ್ ನಾಲಿಗೆಯಿಂದ ತಡವಿ, ಬೆರಳಿನಿಂದ ತೆಗೆದು, ಮುಳ್ಳುಮುಳ್ಳಾದ ಆ ಬೀಜವನ್ನು ಪರೀಕ್ಷಿಸಿ ತಟ್ಟೆಯ ಅಂಚಿಗಿಟ್ಟರು. "ಬೀಜ ಪ್ರಸಾರ ಹೇಗೆ?"

"ಯಾರಿಗೆ ಅಂಟತದೋ ಅವರಿಂದ ರಿ."

ಅತ್ತೆ ಸೆರಗು ಬಾಯಿಗೆ ಹಿಡಿದಳು. ಸರ್ ಈಗ ಪೂರ್ತಿ ತರಗತಿಯಲ್ಲಿದ್ದರು. ಸಾಲಾಗಿ ಸಣ್ಣ ಎಲೆಗಳಿದ್ದ ಒಂದು ಚೂರನ್ನು ಎತ್ತಿ, "ಇದನ್ನು ನಾನೇ ಹೇಳ್ತೀನಿ. ತಂಗಡಿ. ತಾನೆ?" ಎಂದರು.

"ಅಲ್ರಿ ಸರ. ಅದು ಕಡ್ಲಿ. ಅಂಚಿಗೆ ಗರಗಸದಂಗ ಹಲ್ಲು ಅದಾವ ನೋಡ್ರಿ. ತಂಗಡಿಗೆ ಇರೂದಿಲ್ಲ."

"ಹೌದಾ?" ಸರ್ ಅದನ್ನು ಬೆಳಕಿಗೆ ಹಿಡಿದರು. ಹಲ್ಲುಗಳಿದ್ದವು. "ಸರಿ. ಹಾಗಾದರೆ ಇದು ಊಟ," ಎಂದು ಬಾಯಿಗೆ ಹಾಕಿಕೊಂಡರು.

ಅಷ್ಟರಲ್ಲಿ ನಾನು ತಟ್ಟೆಯ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತುಬಿಟ್ಟಿದ್ದೆ. ಎಷ್ಟು ಮಾತಾಡಿದ್ದೆನೋ! ಆ ಮನೆಯಲ್ಲಿ ಒಂದು ವರ್ಷಕ್ಕಾಗುವಷ್ಟು. ತಲೆ ಎತ್ತಿದಾಗ ಅಪ್ಪ ತಮ್ಮ ತಟ್ಟೆಯನ್ನು ಕೆದಕುತ್ತಿದ್ದರು. ತೆಳ್ಳಗಿನ, ಅರೆಪಾರದರ್ಶಕವಾದ ಏನನ್ನೋ ಉಗುರಿನ ತುದಿಯಲ್ಲಿ ಎತ್ತಿ, ನನ್ನ ಮುಖದ ಮುಂದೆ ಹಿಡಿದರು. ನನ್ನ ಓದಿನ ವಿಷಯದಲ್ಲಿ ಅಪ್ಪ ನನಗೆ ಪ್ರಶ್ನೆ ಕೇಳಿದ್ದು ಅದೇ ಮೊದಲು.

"ಇದು?"

ನೋಡಿದೆ. ನರ ಇತ್ತು, ಹಸಿರಿರಲಿಲ್ಲ. ಮೂಸಿದೆ.

"ಬೆಳ್ಳೊಳ್ಳಿ ಸಿಪ್ಪಿ ರಿ ಅಪ್ಪಾ."

ಅಪ್ಪ ಅದನ್ನು ತಟ್ಟೆಯ ಅಂಚಿಗೆ, ಸರ್ ಅವರ ಉತ್ತರಾಣಿಗೆ ಎದುರಾಗಿ, ಇಟ್ಟರು. ನೀರು ಕುಡಿದರು. ಲೋಟವನ್ನು ಇದ್ದ ಜಾಗದಲ್ಲೇ ಇಟ್ಟರು. ಆಮೇಲೆ ನನ್ನ ಕಡೆ ನೋಡದೆ ಸರ್ ಕಡೆ ತಿರುಗಿದರು.

"ಮಾಸ್ತರ, ವಿಜಾಪುರದ ಹುಡಿಗ್ಯಾರ ಹಾಸ್ಟೆಲ್‌ನಾಗ ಅಡಗಿ ಯಾರು ಮಾಡ್ತಾರ್ರಿ?"

"ಯಾರೋ ಅಡುಗೆಯವಳು ಇರ್ತಾಳೆ. ಯಾಕೆ ಸ್ವಾಮಿ?"

"ಆಕಿಗೆ ಓದಾಕ ಬರ್ತದೇನು?"

"ಅದು ನನಗೆ ಗೊತ್ತಿಲ್ಲವಲ್ಲ."

"ಕೇಳ್ಕೊಂಡು ಹೇಳ್ರಿ," ಎಂದರು ಅಪ್ಪ. "ಓದಾಕ ಬರದಿದ್ರ ಜೂನ್‌ದಾಗ ಕಳಸ್ತೇನಿ."